ನುರುಂಜಿ ಬರೆದ ಓಲೆಗಳು

ನಿನ್ನೆ ಇಡೀ ದಿನ ತಾನು ಮನುಷ್ಯರೊಡನೆ ಆಡಿದ ಮಾತು ಒಟ್ಟು ಹನ್ನೊಂದು ಎಂದು ಉನ್‌ಸೊಲ್ ದಿನಚರಿಯಲ್ಲಿ ಬರೆದುಕೊಂಡಳು. ಅದರಲ್ಲಿ ಏಳು ‘ಹೂಂ’, ಮೂರು ‘ಆಯ್ತು’, ಒಂದು ‘ಅಯ್ಯೋ’. ಕೊನೆಯದು ನಾಯಿತಿಂಡಿಯ ಮೂಟೆ ಕಾಲ ಮೇಲೆ ಬಿದ್ದಾಗ ಬಂದದ್ದು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ಅನುಮಾನ ಅವಳಿಗಿತ್ತು. ಅದೇ ದಿನ ನಾಯಿಗಳ ಪರವಾಗಿ ಬರೆದ ಓಲೆಗಳು ಹದಿನಾಲ್ಕು. ‘ನನಗೊಂದು ಸಣ್ಣ ಭಯ ಶುರುವಾಗಿದೆ’ ಎಂದು ಮುಂದುವರಿಸಿದಳು. ‘ನಾಯಿಯಾಗಿ ಇಷ್ಟು ಸರಾಗವಾಗಿ ಮಾತಾಡುವವಳಿಗೆ ನಾನಾಗಿ ಒಂದು ವಾಕ್ಯ ಆಡಬೇಕೆಂದರೆ ಗಂಟಲು ಯಾಕೆ ಕಟ್ಟುತ್ತದೆ?’

“ಉನ್‌ಸೊಲ್! ಅಲ್ಲೇನು ಬರೀತಾ ಕೂತಿದೀಯೇ? ಜಾಂಗುನ್ ಅಮ್ಮ ಬೆಳಗ್ಗಿಂದ ಮೂರು ಸಲ ಕೇಳಿದಾಳೆ, ಮಳೇಲಿ ಮಗೂ ಕಾಲು ಒದ್ದೆ ಆಯ್ತಾ ಅಂತ!”

ಚಿಕ್ಕಮ್ಮನ ದನಿ ಮಳೆಯನ್ನೂ ಹದಿನಾಲ್ಕು ನಾಯಿಗಳ ಬೊಗಳಾಟವನ್ನೂ ದಾಟಿಕೊಂಡು ಬಂತು. ಜಾಂಗುನ್ ಎಂಬ ಆ ಮಗುವಿಗೆ ಒಂಬತ್ತು ವರ್ಷ. ಬಿಳಿ ಮಾಲ್ಟೀಸ್ ಜಾತಿ. ಬಂದ ನಾಲ್ಕು ದಿನದಲ್ಲಿ ಚಿಕ್ಕಪ್ಪನನ್ನು ಎರಡು ಸಲ, ಅಂಚೆಯವನನ್ನು ಒಂದು ಸಲ ಕಚ್ಚಿಯಾಗಿತ್ತು.

ಉನ್‌ಸೊಲ್ ‘ಹೂಂ’ ಎಂದು ಎದ್ದಳು. ಲೆಕ್ಕ ಶುರುವಾಯಿತು.

ಚುಂಚೊನ್‌ನ ಕಾಲೇಜಿನಲ್ಲಿ ಸಾಹಿತ್ಯ ಓದಿ ಮುಗಿಸಿ, ‘ಕೆಲಸ ಸಿಗೋವರೆಗೂ’ ಎಂದು ಹೊಂಗ್ಚೊನ್‌ನ ಈ ಗುಡ್ಡದ ಬುಡಕ್ಕೆ ಬಂದು ಎರಡನೆಯ ಮಳೆಗಾಲ. ಚಿಕ್ಕಮ್ಮ ಗುಮ್‌ಸುನ್, ಚಿಕ್ಕಪ್ಪ ದೊಕ್‌ಸು ಇಬ್ಬರೂ ಸೇರಿ ನಡೆಸುತ್ತಿದ್ದ ನಾಯಿಮನೆ ಅದು. ಪಟ್ಟಣದವರು ಊರಿಗೆ, ಪ್ರವಾಸಕ್ಕೆ, ಆಸ್ಪತ್ರೆಗೆ ಹೋಗುವಾಗ ನಾಯಿಗಳನ್ನು ಇಲ್ಲಿ ಬಿಟ್ಟು ಹೋಗುತ್ತಿದ್ದರು. ಶಿಶುವಿಹಾರದಿಂದ ತಾಯ್ತಂದೆಯರಿಗೆ ಚೀಟಿ ಹೋಗುವ ಹಾಗೆ ಇಲ್ಲಿಂದಲೂ ದಿನಕ್ಕೊಂದು ಓಲೆ, ಒಂದು ಫೋಟೊ ಮಾಲೀಕರ ಫೋನಿಗೆ ಹೋಗಬೇಕು. ಓಲೆ ನಾಯಿಯೇ ಬರೆದ ಹಾಗಿರಬೇಕು. ‘ಅಮ್ಮಾ, ಇವತ್ತು ನಾನು ಎರಡು ಬಟ್ಟಲು ಊಟ ಮಾಡಿದೆ, ಸ್ನೇಹಿತರ ಜೊತೆ ಓಡಿದೆ.’ ಹೊಟ್ಟೆ ಕೆಟ್ಟ ನಾಯಿಯೂ ಓಲೆಯಲ್ಲಿ ಓಡುತ್ತಿತ್ತು.

ನಡುಮನೆಯಲ್ಲಿ ಚಿಕ್ಕಪ್ಪ ಆಗಲೇ ಬಿಸಿಲು ತಯಾರು ಮಾಡುತ್ತಿದ್ದ. ಅಂಗಳ ಮೂರು ದಿನದ ಮಳೆಗೆ ಕೆಸರುಗದ್ದೆಯಾಗಿತ್ತು. ಹಾಗಾಗಿ ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿ, ಗೋಡೆಗೆ ನೀಲಿ ಟಾರ್ಪಾಲು ಕಟ್ಟಿ, ಹಳದಿ ಕಾಗದ ಸುತ್ತಿದ ದೀಪವನ್ನು ಎತ್ತಿ ಹಿಡಿದು ನಿಂತಿದ್ದ.

“ರೀ, ಸೂರ್ಯನ್ನ ಸ್ವಲ್ಪ ಎಡಕ್ಕೆ ತಗೊಳ್ಳಿ,” ಎಂದಳು ಚಿಕ್ಕಮ್ಮ, ಫೋನು ಹಿಡಿದು ಮಂಡಿಯೂರಿ.

“ಬೇಗ ತೆಗೆಯೇ. ಸೂರ್ಯನಿಗೆ ಕೈ ನೋಯ್ತಾ ಇದೆ.”

“ಜಾಂಗುನ್ ಹಲ್ಲು ತೋರಿಸ್ತಾ ಇದಾನೆ ನೋಡಿ, ನಗ್ತಾ ಇರೋ ಹಾಗೇ ಬರುತ್ತೆ.”

“ಅದು ನಗು ಅಲ್ಲ ಕಣೇ. ನನ್ನ ಕಾಲು ನೋಡ್ತಾ ಇದಾನೆ.”

ಒದ್ದೆ ಕೂದಲಿನ ವಾಸನೆ ಮನೆಯನ್ನೆಲ್ಲ ತುಂಬಿತ್ತು. ಕೂದಲೊಣಗಿಸುವ ಯಂತ್ರ ಗುಯ್ಯೆನ್ನುತ್ತಿತ್ತು. ಮಳೆಯಂಗಿ ತೊಡಿಸಿದ ಒಂದು ನಾಯಿ ತನ್ನ ಮಳೆಯಂಗಿಯನ್ನೇ ತಿನ್ನುತ್ತಿತ್ತು. ಉನ್‌ಸೊಲ್ ಇವೆಲ್ಲವನ್ನೂ ದಾಟಿ ಹಿತ್ತಿಲ ಕಡೆಯ ಕೊಟ್ಟಿಗೆಗೆ ಹೋದಳು. ಅಲ್ಲಿ ನುರುಂಜಿ ಕೂತಿದ್ದ.

ಪಾತ್ರೆಯ ತಳಕ್ಕೆ ಹತ್ತಿದ ಅನ್ನದ ಬಣ್ಣ ಅವನದು, ಹೆಸರೂ ಅದೇ. ವಯಸ್ಸು ಹನ್ನೊಂದು. ವೊಂಜುವಿನ ಪ್ಯೊ ತಾತ ಮಂಡಿ ಆಪರೇಷನ್ನಿಗೆಂದು ಆಸ್ಪತ್ರೆ ಸೇರುವಾಗ ಅವನನ್ನು ಇಲ್ಲಿ ಬಿಟ್ಟಿದ್ದರು. ಒಂದು ವಾರ ಎಂದದ್ದು ಇಪ್ಪತ್ತಮೂರು ದಿನವಾಗಿತ್ತು. ಅಷ್ಟು ದಿನವೂ ನುರುಂಜಿ ಕೊಟ್ಟಿಗೆಯ ಗಾಜಿನ ಬಾಗಿಲಿಗೆ ಮುಖ ಮಾಡಿಕೊಂಡು ಕೂತಿದ್ದ. ಕಾರಿನ ಸದ್ದಾದರೆ ಏಳುತ್ತಿದ್ದ, ಇಳಿದವರನ್ನು ನೋಡುತ್ತಿದ್ದ, ಮತ್ತೆ ಕೂರುತ್ತಿದ್ದ. ಪಕ್ಕದಲ್ಲಿ ಬೇರೆ ನಾಯಿಗಳು ಹಬ್ಬ ಮಾಡಿದರೂ ತಿರುಗಿ ನೋಡುತ್ತಿರಲಿಲ್ಲ. ಊಟ ನಾಲ್ಕು ಚಮಚ. ಅದೂ ಉನ್‌ಸೊಲ್ ಕೈಯಲ್ಲಿ ಹಿಡಿದರೆ ಮಾತ್ರ.

ಅವನ ಫೋಟೊಗಾಗಿ ಚಿಕ್ಕಪ್ಪ ಒಂದು ಉಪಾಯ ಕಂಡುಹಿಡಿದಿದ್ದ. ಒಣಮೀನಿನ ಚೂರನ್ನು ಫೋನಿನ ಮೇಲೆ ಹಿಡಿದರೆ ನುರುಂಜಿ ಒಂದು ಗಳಿಗೆ ಬಾಯಿ ತೆರೆಯುತ್ತಿದ್ದ. ಆ ಒಂದು ಗಳಿಗೆ ಸಾಕು. ಇಪ್ಪತ್ತಮೂರು ಫೋಟೊಗಳಲ್ಲಿ ನುರುಂಜಿ ಬಾಯಿತುಂಬ ನಗುತ್ತಿದ್ದ.

ಉಳಿದದ್ದು ಉನ್‌ಸೊಲ್ ಕೈಚಳಕ. ನುರುಂಜಿ ಓಟದ ಪಂದ್ಯ ಗೆದ್ದ. ಚಿಟ್ಟೆ ಹಿಡಿಯಲು ಹೋಗಿ ಕೊಳಕ್ಕೆ ಬಿದ್ದ. ಹದಿಮೂರನೆಯ ದಿನ ಬರೆಯಲು ಏನೂ ತೋಚದೆ ಅವನಿಗೊಬ್ಬ ಗೆಳತಿಯನ್ನು ಹುಟ್ಟಿಸಿದಳು: ಕೊಂಗ್‌ಸುನ್, ಬೆಳ್ಳಗಿನ ಚೆಲುವೆ, ಸ್ವಲ್ಪ ಜಂಬ. ಅವತ್ತು ಪ್ಯೊ ತಾತ ಏಳು ಹೃದಯದ ಚಿತ್ರ ಕಳಿಸಿದ್ದರು. ಮರುದಿನದಿಂದ ವಾರ್ಡಿನವರೆಲ್ಲ ಕೊಂಗ್‌ಸುನ್ ಸಮಾಚಾರ ಕೇಳತೊಡಗಿದರಂತೆ.

ವಾರದ ಹಿಂದೆ ಉನ್‌ಸೊಲ್ ಒಂದು ನಿಜದ ಓಲೆ ಬರೆದಿದ್ದಳು. ‘ಅಪ್ಪಾ, ಇವತ್ತೂ ಊಟ ಸೇರಲಿಲ್ಲ.’ ಚಿಕ್ಕಮ್ಮ ಅದನ್ನು ಕಳಿಸುವ ಮೊದಲೇ ಅಳಿಸಿದ್ದಳು.

“ಇದನ್ನ ಓದಿದ್ರೆ ಆ ಮುದುಕ ಹೊಲಿಗೆ ಬಿಚ್ಚೋ ಮುಂಚೆ ಕುಂಟ್ಕೊಂಡು ಓಡಿ ಬರ್ತಾನೆ. ಇನ್ನೊಂದು ಮಂಡೀನೂ ಹೋಗುತ್ತೆ. ಅವನು ನೆಮ್ಮದಿಯಾಗಿ ನಿದ್ದೆ ಮಾಡ್ಲಿ ಅಂತ ನಾಲ್ಕು ಸಿಹಿ ಮಾತು ಬರೆದ್ರೆ ಪಾಪವೇನೇ? ಅವನು ಅಲ್ಲಿ ಎಲ್ಲರ ಮುಂದೆ ಓದಿ ಓದಿ ನಮಗೆ ಇನ್ನೂ ನಾಲ್ಕು ನಾಯಿ ಬಂದಿವೆ. ನಾಳೆ ಸುಳ್ಳು ಅಂತ ಗೊತ್ತಾದ್ರೆ ನಮ್ಮ ಹತ್ರ ಬೆಕ್ಕನ್ನೂ ಬಿಡಲ್ಲ ಯಾರೂ.”

ಅದೂ ನಿಜವೇ ಅನ್ನಿಸಿ ಉನ್‌ಸೊಲ್ ‘ಆಯ್ತು’ ಎಂದಿದ್ದಳು.

ಹತ್ತೂವರೆಗೆ ಫೋನು ಬಂತು. ಪ್ಯೊ ತಾತ ಆಸ್ಪತ್ರೆಯಿಂದ ಬಿಡುಗಡೆಯಾಗಿ ಟ್ಯಾಕ್ಸಿ ಮಾಡಿಕೊಂಡು ಇತ್ತಲೇ ಬರುತ್ತಿದ್ದಾರೆ!

“ಅಬ್ಬಾ, ಕರ್ಕೊಂಡು ಹೋಗೋಕೆ ಬರ್ತಾ ಇದಾರೆ,” ಎಂದು ಚಿಕ್ಕಮ್ಮ ಮಳೆಗೆ ತಕ್ಕ ಪಾಜೊನ್ ಎಂಬ ಈರುಳ್ಳಿದೋಸೆ ಮಾಡಲು ಬಾಣಲೆ ಇಟ್ಟು ಈರುಳ್ಳಿ ಸೊಪ್ಪು ಹೆಚ್ಚತೊಡಗಿದಳು. ಉನ್‌ಸೊಲ್‌ಳ ಎದೆ ಹಗುರಾಯಿತು. ತಾತ ಬರುತ್ತಾರೆ, ನುರುಂಜಿ ಹೋಗುತ್ತಾನೆ, ಸುಳ್ಳು ತನ್ನಷ್ಟಕ್ಕೆ ತಾನೇ ಮುಗಿಯುತ್ತದೆ. ಯಾರೂ ಯಾರಿಗೂ ಏನೂ ಹೇಳಬೇಕಿಲ್ಲ. ಅವಳಿಗೆ ಬೇಕಾದದ್ದೂ ಅದೇ.

ಬೇರೆ ಕಾರುಗಳ ಹಾಗೆ ಹಿತ್ತಿಲಿಗೆ ಹೋಗದೆ ಟ್ಯಾಕ್ಸಿ ಮುಂಬಾಗಿಲಿಗೇ ಬಂದು ನಿಂತಿತು. ತಗಡಿನ ಮಾಡಿನ ಮೇಲೆ ಮಳೆ ಹುಯ್ಯುವ ಆ ಗದ್ದಲದಲ್ಲಿ ಹಿತ್ತಿಲ ಕೊಟ್ಟಿಗೆಗೆ ಏನೂ ಕೇಳಿಸುವಂತಿರಲಿಲ್ಲ. ತಾತ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ದೊಡ್ಡದೊಂದು ಗಂಟು ಹಿಡಿದು ಒಳಗೆ ಬಂದರು.

“ಬನ್ನಿ ಬನ್ನಿ, ನುರುಂಜಿ ಅಪ್ಪಾ! ಮಂಡಿ ಹೇಗಿದೆ?”

“ಹೊಸದು ಹಾಕಿದಾರಮ್ಮ. ನನಗಿಂತ ಎಪ್ಪತ್ತಾರು ವರ್ಷ ಚಿಕ್ಕದು. ನನ್ನ ಮಾತು ಕೇಳಲ್ಲ,” ಎಂದು ತಾತ ಕುರ್ಚಿಗೆ ಒರಗಿದರು. ಗಂಟು ಬಿಚ್ಚಿದರು. ಒಂದು ಹಳೆಯ ಕಂಬಳಿ, ಅಂಚು ಸೊಟ್ಟಗಾದ ಬಟ್ಟಲು, ಕೂದಲು ಬಾಚುವ ಬ್ರಷ್ಷು, ಕಿವಿಗೆ ಹಾಕುವ ಔಷಧಿ ಮೇಜಿನ ಮೇಲೆ ಸಾಲಾಗಿ ಬಂದು ಕೂತವು.

“ಇದೆಲ್ಲ ಯಾಕೆ ತಂದ್ರಿ? ಇವತ್ತೇ ಮನೆಗೆ ಹೋಗ್ತಾನಲ್ಲ?” ಎಂದ ಚಿಕ್ಕಪ್ಪ.

“ಇಲ್ಲಪ್ಪ. ಅವನು ಇಲ್ಲೇ ಇರ್ಲಿ.”

ಚಿಕ್ಕಮ್ಮ ಬಾಣಲೆಯ ಉರಿ ಸಣ್ಣ ಮಾಡಿ ತಿರುಗಿ ನೋಡಿದಳು.

“ತುಂಬಾ ಯೋಚನೆ ಮಾಡ್ದೆ,” ಎಂದರು ತಾತ. “ನನ್ನದು ಮೂರನೇ ಮಹಡಿ. ನಡುಮನೆಯಿಂದ ಅಡುಗೆಮನೆಗೆ ಆರು ಹೆಜ್ಜೆ. ಇಲ್ಲಿ ಅವನಿಗೆ ಹುಲ್ಲಿದೆ, ಕೊಳ ಇದೆ, ಸ್ನೇಹಿತರಿದಾರೆ. ಅವನೇ ಬರೆದಿದಾನಲ್ಲ. ಮದುವೆ ವಯಸ್ಸಲ್ಲಿ ಮಗನ್ನ ಮನೇಲಿ ಕಟ್ಟಿ ಹಾಕೋ ಅಪ್ಪ ಎಂಥಾ ಅಪ್ಪ? ತಿಂಗಳಿಗಿಷ್ಟು ಅಂತ ಕಟ್ಟಿಬಿಡ್ತೀನಿ. ಅವನನ್ನ ನೋಡೋದಿಲ್ಲ. ನೋಡಿದ್ರೆ ಬಿಟ್ಟು ಹೋಗೋಕಾಗಲ್ಲ. ಆದ್ರೆ ಸೊಸೆಯನ್ನ ಒಂದು ಸಲ ತೋರ್ಸಿ.”

“ಸೊಸೆ?” ಎಂದಳು ಚಿಕ್ಕಮ್ಮ.

“ಕೊಂಗ್‌ಸುನ್!” ತಾತ ಅಂಗಿಯ ಜೇಬಿನಿಂದ ಕೆಂಪು ದಾರ ಕಟ್ಟಿದ ಪೊಟ್ಟಣ ತೆಗೆದರು. “ಒಣಗೆಣಸು. ಬರಿಗೈಲಿ ಬಂದ ಅಂತ ಅವಳು ಅಂದ್ಕೋಬಾರ್ದು. ಸ್ವಲ್ಪ ಜಂಬ ಅಲ್ವಾ ಅವಳಿಗೆ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅವಳು... ತಲೆ ಬಾಚ್ಕೋತಾ ಇದಾಳೆ. ಈಗ ಕರ್ಕೊಂಡು ಬರ್ತೀನಿ,” ಎಂದು ಚಿಕ್ಕಪ್ಪ ಮಾಯವಾದ.

ಅವನು ಮರಳಿದಾಗ ತೋಳಲ್ಲಿ ಜಾಂಗುನ್ ಇದ್ದ. ತಲೆಗೊಂದು ಗುಲಾಬಿ ರಿಬ್ಬನ್ನು. ಚಿಕ್ಕಪ್ಪನ ಹೆಬ್ಬೆರಳಿಗೊಂದು ಹೊಸ ಪಟ್ಟಿ.

“ಅಯ್ಯೋ ನನ್ನ ತಾಯಿ, ಎಷ್ಟು ಮುದ್ದಾಗಿದೀಯೇ!” ತಾತನ ಕಣ್ಣು ಅರಳಿತು. “ಮುಖ ಸ್ವಲ್ಪ ಕಹಿ. ಪರವಾಗಿಲ್ಲ, ನನ್ನ ಹೆಂಡ್ತೀದೂ ಹೀಗೇ ಇತ್ತು. ಬಾ, ಮಾವನ ಹತ್ರ ಬಾ.”

ಜಾಂಗುನ್ ಇಳಿದ. ಒಣಗೆಣಸನ್ನು ಒಂದೇ ಬಾಯಿಗೆ ನುಂಗಿದ. ತಾತನ ಊರುಗೋಲಿನ ಸುತ್ತ ಗಂಭೀರವಾಗಿ ಒಂದು ಸುತ್ತು ಬಂದ. ಕಾಲೆತ್ತಿದ.

ಜಾಂಗುನ್ ಸಾವಧಾನವಾಗಿ ಮುಗಿಸಿದ.

“ಏನಪ್ಪಾ ಇದು,” ಎಂದರು ತಾತ, ಮೆಲ್ಲಗೆ. “ನನ್ನ ಸೊಸೆ ಕಾಲೆತ್ತುತಾಳಲ್ಲ?”

“ಈಗಿನ ಕಾಲದ ಹೆಣ್ಮಕ್ಕಳು, ಯಜಮಾನ್ರೇ,” ಎಂದ ಚಿಕ್ಕಪ್ಪ, ಹಣೆ ಒರೆಸಿಕೊಳ್ಳುತ್ತ. “ಯಾವುದರಲ್ಲೂ ಹಿಂದೆ ಬಿದ್ದಿಲ್ಲ.”

ತಾತ ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಹೊಸ ಮಂಡಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಚಿಕ್ಕಮ್ಮನೂ ನಕ್ಕಳು, ಚಿಕ್ಕಪ್ಪನೂ ನಕ್ಕ. ಎಲ್ಲ ಸರಿಹೋಯಿತೆಂದು ಬಿಸಿ ಪಾಜೊನ್ ತಟ್ಟೆಗೆ ಬಂತು. ಉನ್‌ಸೊಲ್ ಮಾತ್ರ ಗೋಡೆಗೊರಗಿ, ಕಂಬಳಿಗೆ ಅಂಟಿದ್ದ ಕಂದು ಕೂದಲುಗಳನ್ನು ನೋಡುತ್ತಿದ್ದಳು.

ತಾತ ಒಂದು ಚೂರು ತಿಂದು ಊಟದ ಕಡ್ಡಿಗಳನ್ನು ಕೆಳಗಿಟ್ಟರು.

“ನಾನಿದ್ದ ಆಸ್ಪತ್ರೆಯಿಂದಲೂ ನನ್ನ ಮಗಳಿಗೆ ದಿನಾ ಹೀಗೇ ಓಲೆ ಹೋಗ್ತಿತ್ತಮ್ಮ,” ಎಂದರು. “ಅವಳು ಬುಸಾನಲ್ಲಿ ಇರೋದು. ‘ತಂದೆಯವರು ಇವತ್ತು ಪೂರ್ತಿ ಊಟ ಮಾಡಿದರು, ಎಲ್ಲರ ಜೊತೆ ಸೇರಿ ಹಾಡು ಹೇಳಿದರು.’ ಫೋಟೊ ಬೇರೆ. ನರ್ಸು ಹುಡುಗಿ ‘ತಾತಾ, ಒಂದೇ ಒಂದು ಸಲ ನಗಿ’ ಅಂತ ಮಿಠಾಯಿ ತೋರಿಸೋಳು. ನಾನು ಬಾಯಿ ಬಿಟ್ಟ ತಕ್ಷಣ ತೆಗೆಯೋಳು.”

ಚಿಕ್ಕಪ್ಪ ಒಣಮೀನಿನ ಡಬ್ಬಿಯನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದ.

“ಹಾಡು ಹೇಳಿದ್ರಾ ನೀವು?” ಎಂದಳು ಚಿಕ್ಕಮ್ಮ, ಏನಾದರೂ ಹೇಳಬೇಕಲ್ಲ ಎಂದು.

“ಎಲ್ಲಿ ಹಾಡು? ವಾರ್ಡಿನ ಬಾಗಿಲು ನೋಡ್ತಾ ಮಲಗಿರ್ತಿದ್ದೆ. ಲಿಫ್ಟಿನ ಗಂಟೆ ಹೊಡೆದಾಗೆಲ್ಲ ಮಗಳೇ ಬಂದ್ಲು ಅನ್ಸೋದು. ಅವಳಿಗೆ ಹೇಳ್ಲಿಲ್ಲ. ಓಲೆ ನೋಡಿ ಖುಷಿಯಾಗಿದ್ಲು ಪಾಪ. ‘ಅಪ್ಪಾ, ನೀವು ಅಲ್ಲೇ ಚೆನ್ನಾಗಿದೀರಲ್ಲ’ ಅಂದ್ಲು.” ತಾತ ಊರುಗೋಲು ಹುಡುಕಿಕೊಂಡು ಎದ್ದರು. “ಮನುಷ್ಯರ ಓಲೆ ಅಷ್ಟೇ ಬಿಡಿ. ಆದ್ರೆ ನುರುಂಜೀದು ಓದಿದ್ರೆ ಜೀವಕ್ಕೆ ಸಮಾಧಾನ ಆಗೋದು. ನಮ್ಮಿಬ್ಬರಲ್ಲಿ ಒಬ್ಬನಾದ್ರೂ ಸುಖವಾಗಿದಾನಲ್ಲ ಅಂತ. ನಾಯಿ ಯಾಕೆ ಸುಳ್ಳು ಬರೆಯುತ್ತೆ?”

ಹೊರಗೆ ಟ್ಯಾಕ್ಸಿಯವನು ಹಾರ್ನು ಹೊಡೆದ. ತಾತ ಕಂಬಳಿಯನ್ನು ಒಂದು ಸಲ ತಟ್ಟಿ, ಮಡಿಕೆ ಸರಿಮಾಡಿದರು. “ಮಳೆಗಾಲದಲ್ಲಿ ಅವನ ಎಡಗಿವಿ ಸೋರುತ್ತೆ. ಮೂರು ಹನಿ. ಜಾಸ್ತಿ ಬೇಡ,” ಎಂದರು. ಬಾಗಿಲ ಕಡೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ.

ಬಾಗಿಲಿಗೆ ಅಡ್ಡಲಾಗಿ ಯಾರೋ ನಿಂತಿದ್ದರು. ಅದು ತಾನೇ ಎಂದು ಉನ್‌ಸೊಲ್‌ಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

“ದಾರಿ ಬಿಡೇ,” ಎಂದು ಚಿಕ್ಕಮ್ಮ ಹಿಂದಿನಿಂದ ಅವಳ ತೋಳಿನ ಬಟ್ಟೆ ಹಿಡಿದೆಳೆದಳು. ಉನ್‌ಸೊಲ್ ಕದಲಲಿಲ್ಲ. ಮುಖ ಕಿವಿಯವರೆಗೂ ಕೆಂಪಾಯಿತು. ಮೊದಲ ಸಲ ಬಾಯಿ ತೆರೆದಾಗ ಬರೀ ಗಾಳಿ ಬಂತು.

“ಏನು ಮಗಳೇ?” ಎಂದರು ತಾತ.

ಅವಳು ತಿರುಗಿ ಚಿಕ್ಕಮ್ಮನನ್ನು ನೋಡಿದಳು. ಬೈಗುಳಕ್ಕೆ ತೆರೆದ ಚಿಕ್ಕಮ್ಮನ ಬಾಯಿ ಹಾಗೇ ನಿಂತಿತ್ತು. ಅವಳ ಕಣ್ಣು ಮೇಜಿನ ಮೇಲಿದ್ದ ಆ ಸೊಟ್ಟ ಬಟ್ಟಲಿನ ಮೇಲಿತ್ತು. ಸ್ವಲ್ಪ ಹೊತ್ತಿಗೆ, ತೋಳನ್ನು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು.

“ತಾತ, ಆ ಓಲೆಗಳನ್ನ ಬರೆದಿದ್ದು ನಾನು,” ಎಂದಳು ಉನ್‌ಸೊಲ್. ಮಳೆಯ ಸದ್ದಿನ ನಡುವೆ ಕೇಳಿಸಲೆಂದು ಜೋರಾಗಿ ಹೇಳಬೇಕಾಯಿತು. “ಅವನಿಗೆ ಗೆಳತಿ ಇಲ್ಲ. ಸ್ನೇಹಿತರೂ ಇಲ್ಲ. ಇಪ್ಪತ್ತಮೂರು ದಿನದಿಂದ ಕೊಟ್ಟಿಗೆ ಬಾಗಿಲು ನೋಡ್ಕೊಂಡು ಕೂತಿದಾನೆ. ನೀವು ಬರ್ತೀರಿ ಅಂತ.”