ಬಲಕ್ಕೆ ತಿರುಗದ ಆಟಗಾರ

ಸೌದಿಯ ಜುಬೈಲಿನ ಬಿಸಿಲು ನಲವತ್ತೆಂಟು ಡಿಗ್ರಿ ದಾಟಿದ ದಿನವೂ ಕಂಪನಿಯ ವಿದೇಶಿ ಕಾಲನಿಯ ಒಂದು ತಗಡಿನ ಶೆಡ್ಡಿನೊಳಗೆ, ಅಲ್ಲಿನವರು ಸ್ಕೇಟು ಕಟ್ಟಿ ಆಡಲೆಂದು, ನೆಲವೆಲ್ಲ ಐಸ್ ಇರುತ್ತಿತ್ತು. ಅದು ಕರಗದಂತೆ ಕಾಯುವುದು ಕಾರ್ಕಳದ ಉಗ್ಗಪ್ಪನ ಕೆಲಸ. ಕಂಪ್ರೆಸರ್ ನೋಡಿಕೊಳ್ಳಬೇಕು, ದಿನಕ್ಕೆರಡು ಸಲ ಐಸಿನ ಮೇಲ್ಮೈ ಹೆರೆದು ನೀರು ಹಾಯಿಸಬೇಕು.

೧೯೮೪ರ ಬೇಸಿಗೆಯಲ್ಲಿ ಫಿನ್‌ಲೆಂಡಿನ ರೈಮೋ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಆಗಿ ಬಂದ. ಅದಕ್ಕೆ ಮೊದಲು ಎಂಟು ವರ್ಷ ಐಸ್ ಹಾಕಿಯೇ ಅವನ ಹೊಟ್ಟೆಪಾಡು. ತನ್ನೂರಿನ ಕ್ಲಬ್ಬಿನಲ್ಲಿ ಹೆಸರಾದ ಫಾರ್ವರ್ಡ್. ಒಂದು ಪಂದ್ಯದಲ್ಲಿ ಎದುರಾಳಿ ಗುದ್ದಿದ ಏಟಿಗೆ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್ ಮಾಡಿದ ಡಾಕ್ಟರು ಕಾಲು ಗುಣವಾಯಿತು ಎಂದರು. ಆಟ ಮಾತ್ರ ಮೊದಲಿನಂತಾಗಲಿಲ್ಲ. ಕ್ಲಬ್ಬು ಅವನನ್ನು ಕೈಬಿಟ್ಟಿತು.

ಕೆಲಸ ಮುಗಿಸಿ ದಿನಾ ಸಂಜೆ ಅವನು ಒಬ್ಬನೇ ಬಂದು ಆಡುತ್ತಿದ್ದ. ಆಮೇಲೆ ಐಸ್ ಹೆರೆಯುವಾಗ ಉಗ್ಗಪ್ಪನ ಕಣ್ಣಿಗೆ ಸ್ಕೇಟಿನ ಅಲಗಿನ ಗೀರುಗಳು ಬೀಳುತ್ತಿದ್ದವು. ಒಂದು ತಿಂಗಳಾದರೂ ಎಲ್ಲ ಗೀರೂ ಎಡಕ್ಕೇ ಬಾಗಿದ್ದವು. ಕಾಲೇಜಿನಲ್ಲಿ ಹಾಕಿ ಆಡಿದ್ದ ಉಗ್ಗಪ್ಪನಿಗೆ ತಡೆಯಲಾಗಲಿಲ್ಲ. ಇಬ್ಬರ ಇಂಗ್ಲಿಷೂ ಅರ್ಧಂಬರ್ಧ, ಅದರಲ್ಲೇ ಕೇಳಿದ.

"ಸಾರ್, ಬೇಜಾರು ಮಾಡ್ಬೇಡಿ. ನೀವು ಬಲಕ್ಕೆ ತಿರುಗುವುದೇ ಇಲ್ಲ. ಎಂತ, ಕಾಲು ನೋಯ್ತದಾ?"

"ನೋವಿಲ್ಲ," ಎಂದ ರೈಮೋ. ಮುಖ ಕೆಂಪಾಗಿತ್ತು. ಸ್ಟಿಕ್ಕು ಎತ್ತಿಕೊಂಡು ಹೊರಟವನು ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ.

"ದೊಡ್ಡವರಿಗೆ ಬುದ್ಧಿ ಹೇಳ್ಲಿಕ್ಕೆ ಹೋದಿರಲ್ಲ ಉಗ್ಗಪ್ಪಣ್ಣ! ಕಂಪ್ಲೇಂಟ್ ಕೊಟ್ರೆ ಎಂತ ಮಾಡ್ತೀರಿ?" ಎಂದು ಗಾಬರಿಯಾದ, ಉಗ್ಗಪ್ಪನ ಕೋಣೆಯಲ್ಲೇ ಇದ್ದ ಕಂಪನಿ ಬಸ್ಸಿನ ಡ್ರೈವರ್ ಅದ್ದು.

ಐದನೆಯ ದಿನ ರೈಮೋ ಬಂದ. "ಬಲಕ್ಕೆ ತಿರುಗಲು ಎಡಗಾಲಿನ ಮೇಲೆ ಭಾರ ಬಿಡಬೇಕು. ಬಿಟ್ಟರೆ ಮತ್ತೆ ಹರಿಯುತ್ತದೆ ಅನಿಸುತ್ತದೆ," ಎಂದ. ಇದನ್ನು ಅವನು ಡಾಕ್ಟರಿಗೂ ಹೇಳಿರಲಿಲ್ಲ.

"ಹಾಗಾದ್ರೆ ನಾನು ನಿಲ್ತೇನೆ. ನೀವು ನನ್ನನ್ನು ದಾಟಿ," ಎಂದ ಉಗ್ಗಪ್ಪ.

ಗಮ್ ಬೂಟು ಹಾಕಿ, ಕೈಯಲ್ಲೊಂದು ಪೊರಕೆ ಹಿಡಿದು ಅವನು ಐಸಿನ ಮಧ್ಯೆ ನಿಂತ. ರೈಮೋನ ಎಡದ ದಾರಿಯನ್ನು ಪೂರ್ತಿ ಅಡ್ಡಗಟ್ಟಿದ. ರೈಮೋ ವೇಗವಾಗಿ ಬಂದು ಕೊನೇ ಗಳಿಗೆಯಲ್ಲಿ ನಿಂತುಬಿಟ್ಟ. ಮತ್ತೆ ಬಂದ, ಬಿದ್ದ. ಹೀಗೇ ಹದಿನೈದು ದಿನ ಕಳೆಯಿತು. ಒಂದು ಸಂಜೆ ಅವನು ಬರ್ರನೆ ಬಂದವನೇ ಬಲಕ್ಕೆ ವಾಲಿ, ಎಡಗಾಲಿನ ಮೇಲೆ ಇಡೀ ಮೈ ಹಾಕಿ, ಉಗ್ಗಪ್ಪನನ್ನು ಸುತ್ತಿ ಚೆಂಡಿನ ಬದಲಿಗಿರುವ ಆ ರಬ್ಬರ್ ಬಿಲ್ಲೆಯನ್ನು ಗೋಲಿಗೆ ಹೊಡೆದ. ಉಗ್ಗಪ್ಪ ಪೊರಕೆ ಬಿಸಾಡಿ ಕೂಗಿದ. ರೈಮೋ ಗೋಲಿನ ಬಲೆ ಹಿಡಿದುಕೊಂಡು ಬಹಳ ಹೊತ್ತು ಬೆನ್ನು ತಿರುಗಿಸಿಯೇ ನಿಂತಿದ್ದ.

ಸೆಪ್ಟೆಂಬರಿನಲ್ಲಿ ಅವನು ಕೆಲಸ ಬಿಟ್ಟು ಊರಿಗೆ ಹೋದ. ಎರಡನೇ ದರ್ಜೆಯ ಒಂದು ಸಣ್ಣ ಕ್ಲಬ್ಬು ಪರೀಕ್ಷೆಗೆಂದು ಕರೆದಿತ್ತು. ಮಾರ್ಚಿನಲ್ಲಿ ಕಾಗದ ಬಂತು: ತಂಡಕ್ಕೆ ಸೇರಿಸಿಕೊಂಡರು, ಹದಿನಾಲ್ಕು ಗೋಲು ಹೊಡೆದೆ, ಹಳೆಯ ಕ್ಲಬ್ಬು ಎರಡು ವರ್ಷಕ್ಕೆ ಮತ್ತೆ ಕರೆದಿದೆ.

ಉಗ್ಗಪ್ಪ ಅದನ್ನು ಅದ್ದುವಿಗೆ ಎರಡೆರಡು ಸಲ ಓದಿ ಹೇಳಿದ. ಮರುದಿನ ಶುಕ್ರವಾರ, ರಜೆ. ಬೆಳಿಗ್ಗೆ ಅದ್ದುವನ್ನೂ ಕರೆದುಕೊಂಡು ಖಾಲಿ ಶೆಡ್ಡಿಗೆ ಹೋಗಿ, ಯಾರದೋ ಹಳೆಯ ಸ್ಕೇಟು ಕಟ್ಟಿಕೊಂಡ. ಮೂರು ಗಜ ಹೋಗುವಷ್ಟರಲ್ಲಿ ಐದು ಸಲ ಬಿದ್ದ.

"ಸಾಕು ಮಾರಾಯ್ರೆ, ಸೊಂಟ ಮುರೀತದೆ!" ಎಂದು ಅದ್ದು ಐಸಿನ ಸುತ್ತಲಿನ ಕಟ್ಟೆಯಾಚೆಯಿಂದ ನಕ್ಕ.

"ನೀನು ಸುಮ್ಮನೆ ನೋಡ್ತಾ ಇರು," ಎಂದು ಉಗ್ಗಪ್ಪ ಎದ್ದು ನಿಂತ.