ಪ್ಲಾಸ್ಟರ್ ಇಲ್ಲದ ಕಾಲು

"ಪ್ಲಾಸ್ಟರ್ ಎಲ್ಲಿ?" ಎಂದ ಲೂತಿ, ದೊರೀನೊನ ಕಂಬಳಿಯನ್ನು ಕೊಡೆಯ ತುದಿಯಿಂದ ಎತ್ತಿ ಹಿಡಿದು. "ಕಾಲು ಮುರಿದವನಿಗೆ ಪ್ಲಾಸ್ಟರ್ ಇರುತ್ತದೆ. ನಿನಗಿಲ್ಲ. ಹಾಗಾದರೆ ನಿನ್ನದು ಮುರಿದಿರೋದು ಏನು, ಕೆಲಸ ಮಾಡೋ ಮನಸ್ಸಾ?"

ಅಣೆಕಟ್ಟು ಕಂಪನಿಯ ಕೂಲಿ ಬಿಡಾರಕ್ಕೆ ಲೂತಿ ಮೇಲ್ವಿಚಾರಕ. ಇಟಲಿಯಿಂದ ಬಂದ ದೊರೀನೊನಂಥ ಆಳುಗಳ ಭಾಷೆಯನ್ನು ಅವರನ್ನು ಬೈಯುವುದಕ್ಕೆ ಸಾಲುವಷ್ಟು ಕಲಿತಿದ್ದ. ಅದಕ್ಕಿಂತ ಹೆಚ್ಚು ಕಲಿಯುವ ಪ್ರಸಂಗ ಅವನಿಗೆ ಬಂದಿರಲಿಲ್ಲ.

ಕಣಿವೆ ದಾಟಿಸುವ ತಂತಿಯ ಮೇಲೆ ತೂಗಿಕೊಂಡು ಬಂದ ಆಳೆತ್ತರದ ಕಾಂಕ್ರೀಟ್ ಬಕೆಟ್ ಬಡಿದು ದೊರೀನೊನ ಎಡಗಾಲು ಮುರಿದದ್ದನ್ನು ಲೂತಿಯೇ ಕಣ್ಣಾರೆ ಕಂಡಿದ್ದ. ಈಗ ಆ ಕಾಲಿನ ಮೇಲೆ ಗೋಣಿಚೀಲದ ಬಾಯಿ ಹೊಲಿದಂತೆ ಒಂದು ಗೆರೆ, ಅಷ್ಟೇ. ಪಾದ ಆಡಿಸು ಎಂದ. ದೊರೀನೊ ಆಸ್ಪತ್ರೆಯಲ್ಲಿ ಕಲಿಸಿದ ಹಾಗೇ ಮೇಲೆ ಕೆಳಗೆ ಆಡಿಸಿದ, ಪಾಠ ಒಪ್ಪಿಸುವ ಹುಡುಗನ ಹೆಮ್ಮೆಯಿಂದ. ಅದೇ ತಪ್ಪಾಯಿತು. ಸೋಮವಾರದಿಂದ ಕಾಂಕ್ರೀಟ್ ಮಿಕ್ಸರ್ ಮುಂದೆ ನಿಲ್ಲಬೇಕು, ಇಲ್ಲವಾದರೆ ಊರಿನ ರೈಲು ಹತ್ತಬೇಕು ಎಂದು ಹೇಳಿ ಲೂತಿ ಹೊರಟುಹೋದ.

ರೈಲು ಹತ್ತುವುದೆಂದರೆ ಮುಗಿಯಿತು. ಪರವಾನಗಿ ಇರುವುದು ಕಂಪನಿಯ ಕೆಲಸಕ್ಕೆ. ಕಂಪನಿಗೆ ಬೇಡವಾದವನು ಸ್ವಿಟ್ಜರ್ಲೆಂಡಿಗೂ ಬೇಡ. ಮುಂದಿನ ವಸಂತಕ್ಕೆ ಮತ್ತೆ ಬರುತ್ತೇನೆಂದರೆ ಗಡಿಯಲ್ಲಿ ಅಂಗಿ ಬಿಚ್ಚಿಸಿ, ಹಲ್ಲು ನೋಡಿ, ಸಂತೆಯ ಎತ್ತಿನ ಹಾಗೆ ನಡೆಸಿ ನೋಡುವ ಡಾಕ್ಟರು ಕುಂಟನನ್ನು ಒಳಗೆ ಬಿಡುವುದಿಲ್ಲ. ಮಿಕ್ಸರ್ ಮುಂದೆ ನಿಂತರೆ? ಅದರ ಗತಿಯನ್ನು ಪ್ರೊಫೆಸರ್ ಶ್ಟೋಕರ್ ತೋರಿಸಿಕೊಟ್ಟಿದ್ದರು.

ಪ್ರೊಫೆಸರಿಗೆ ದೊರೀನೊನ ಹೆಸರು ಗೊತ್ತಿರಲಿಲ್ಲ. ಅವರ ಬಾಯಲ್ಲಿ ಅವನು 'ಕಿಟಕಿ ಪಕ್ಕದ ಕಣಕಾಲ ಮೂಳೆ'. ಆ ಮೂಳೆಯನ್ನು ಬಿಚ್ಚಿ, ತುಂಡುಗಳನ್ನು ಜೋಡಿಸಿ, ಉಕ್ಕಿನ ಪಟ್ಟಿ ಇಟ್ಟು ತಿರುಪು ಬಿಗಿದಿದ್ದರು. ಪರ ಊರುಗಳಿಂದ ಬಂದ ಡಾಕ್ಟರುಗಳ ಎದುರು, ಪ್ಲಾಸ್ಟರಿನಲ್ಲಿ ಕಾಲನ್ನು ತಿಂಗಳುಗಟ್ಟಲೆ ಹೂತಿಡುವುದು ಅಜ್ಜಂದಿರ ಕಾಲದ ವೈದ್ಯ, ಕೀಲು ಬಿಗಿದುಕೊಳ್ಳುತ್ತದೆ, ಮಾಂಸ ಒಣಗುತ್ತದೆ ಎಂದು ಗುಡುಗಿದ್ದರು. ರೋಗಿಗೆ ಮಾತ್ರ ಎರಡೇ ಮಾತು: ಆಡಿಸು, ಊರಬೇಡ. ಊರಿದರೆ ಏನಾದೀತೆಂದು ತೋರಿಸಲು ಕಾಗದಕ್ಕೆ ಸಿಕ್ಕಿಸುವ ತಂತಿಯೊಂದನ್ನು ಅತ್ತ ಇತ್ತ ಬಗ್ಗಿಸುತ್ತ ಹೋದರು. ಅದು ಟಕ್ಕೆಂದು ತುಂಡಾಯಿತು. ಡಾಕ್ಟರುಗಳು ತಲೆದೂಗಿದರು. ದೊರೀನೊ ಬೆವೆತಿದ್ದ.

ಇದನ್ನೆಲ್ಲ ಅವನು ಬಿಡಾರದಲ್ಲಿ ಹೇಳಿಕೊಂಡಾಗ ಪಕ್ಕದ ಮಂಚದ ಸವೇರಿಯೊ ಬೀಡಿಯಷ್ಟು ಚಿಕ್ಕದಾಗಿದ್ದ ಸಿಗರೇಟನ್ನು ಇನ್ನೊಮ್ಮೆ ಎಳೆದ. ಸವೇರಿಯೊ ದಕ್ಷಿಣ ಇಟಲಿಯವನು, ಕಲಾಬ್ರಿಯಾದ ಮುದುಕ. ಇಗರ್ಜಿಗಳ ಸೂರಿಗೆ ಗಾರೆಯಲ್ಲಿ ದೇವದೂತರನ್ನು ಮಾಡುತ್ತಿದ್ದವನು, ಊರಿನ ಪಾದ್ರಿ ಕೂಲಿಗೆ ಬದಲು ಆಶೀರ್ವಾದವನ್ನೇ ಕೊಡುತ್ತ ಬಂದದ್ದರಿಂದ ಇಲ್ಲಿ ಕಲ್ಲುಪುಡಿ ಹೊರುತ್ತಿದ್ದ. ನಿರ್ದೇಶಕರ ಅತಿಥಿಗೃಹದ ಸೂರಿಗೆಂದು ಬಂದ ಜಿಪ್ಸಮ್, ಪ್ಲಾಸ್ಟರಿಗೂ ಆಗುವ ಬಿಳಿ ಪುಡಿ, ಉಗ್ರಾಣದಲ್ಲಿ ಬಿದ್ದಿದೆ ಎಂಬುದು ಅವನಿಗೆ ತಿಳಿದಿತ್ತು.

"ಪ್ರೊಪೇಸರು ಒಳಗ್ ಕೂಡುಸವ್ನೆ, ನಾನ್ ಹೊರಗ್ ಕಟ್ತೀನಿ," ಎಂದ. "ಆ ಲೂತಿ ಬಡ್ಡೀಮಗುಂಗೆ ಕಣ್ಣಿರೋದೇ ಹೊರಗ್ ನೋಡಕ್ಕೆ ಕಣ್ಲಾ."

ಕಂಪನಿಯ ದುಪ್ಪಟಿ ಹರಿದು ಪಟ್ಟಿಯಾಯಿತು. ತೊಡೆಯಿಂದ ಬೆರಳಿನ ಬುಡದವರೆಗೆ ಸವೇರಿಯೊ ಸುತ್ತಿದ, ಮೆತ್ತಿದ, ಒದ್ದೆ ಅಂಗೈಯಲ್ಲಿ ನೀವಿದ. ಉತ್ತರ ಇಟಲಿಯ ಹುಡುಗರು ಸುತ್ತ ನಿಂತು, ರೆಕ್ಕೆ ಯಾವಾಗ ಇಡ್ತೀಯಜ್ಜಾ ಎಂದು ಕೆಣಕಿದರು. ನಿಮ್ಮ ಕಡೆಯವರಿಗೆ ರೆಕ್ಕೆ ದಂಡ, ಗೊರಸೇ ಸಾಕು ಎಂದ ಅವನು. ಮೊಣಕಾಲ ಚಿಪ್ಪನ್ನು ಎಷ್ಟು ಅಂದವಾಗಿ ತಿದ್ದಿದನೆಂದರೆ ದೊರೀನೊಗೆ ಹುಟ್ಟಿನಿಂದ ಅಂಥ ಮೊಣಕಾಲಿರಲಿಲ್ಲ.

ಸೋಮವಾರ ಲೂತಿ ಬಂದ. ಕುಂಬಳಕಾಯಿ ಬಲಿತಿದೆಯೋ ಎಂದು ನೋಡುವವನ ಹಾಗೆ ಬೆರಳ ಗೆಣ್ಣಿನಿಂದ ಕುಟ್ಟಿದ. ಅವನ ಮುಖ ಸಡಿಲವಾಯಿತು. ಈಗ ಇದು ಮುರಿದ ಕಾಲು, ಆಸ್ಪತ್ರೆಯವರು ಮೊದಲೇ ಹೀಗೆ ನೆಟ್ಟಗೆ ಮಾಡಬಾರದಿತ್ತೇ ಎಂದ. ದೊರೀನೊನನ್ನು ಒಲೆಯ ಪಕ್ಕದ ಬೆಂಚಿಗೆ ಹಾಕಿಸಿ, ಹರಿದ ಕೈಗವಸು ಹೊಲಿಯುವ ಕೆಲಸ ಕೊಟ್ಟ. ಬೇಗ ಗುಣವಾಗಲಿ ಎಂದೂ ಹಾರೈಸಿದ. ಪ್ಲಾಸ್ಟರಿನ ಮೇಲೆ ಮನುಷ್ಯನಿಗೆ ಇಷ್ಟು ಮರ್ಯಾದೆ ಇರುವುದನ್ನು ಬಿಡಾರ ಅಂದೇ ಕಂಡದ್ದು.

ಈ ಸುಖ ಆಸ್ಪತ್ರೆಯ ತಪಾಸಣೆಯ ದಿನದವರೆಗೆ ನಡೆಯಿತು. ತನ್ನ ಕಣಕಾಲ ಮೂಳೆ ಬಿಳಿಯ ಕಂಬವಾಗಿ ಬಂದದ್ದನ್ನು ನೋಡಿ ಪ್ರೊಫೆಸರ್ ಶ್ಟೋಕರ್ ಅದಕ್ಕೆ ಒಂದು ಸುತ್ತು ಬಂದರು. ಆಮೇಲೆ, ಯಾವ ಕಟುಕ ಇದನ್ನು ಮಾಡಿದ್ದು ಎಂದು ಕೇಳಿದರು. ಗರಗಸ ತರಿಸಿ ಕೊಯ್ಯಿಸಿದರು. ಪುಣ್ಯಕ್ಕೆ ಎಕ್ಸ್‌ರೇಯಲ್ಲಿ ಪಟ್ಟಿಯೂ ನೆಟ್ಟಗಿತ್ತು, ಮೂಳೆಯೂ ನೆಟ್ಟಗಿತ್ತು. ಪ್ರೊಫೆಸರು ಆ ಚಿತ್ರವನ್ನು ಬೆಳಕಿಗೆ ಹಿಡಿದು, ಮಗುವಿನ ಭಾವಚಿತ್ರ ತೋರಿಸುವವರಂತೆ ಪಕ್ಕದ ಕೋಣೆಯವರನ್ನೆಲ್ಲ ಕರೆದರು.

ಇಟಲಿ ಭಾಷೆ ಬರುವ ನರ್ಸ್ ಒಬ್ಬಳನ್ನು ನಡುವೆ ನಿಲ್ಲಿಸಿಕೊಂಡು ದೊರೀನೊ ಒಂದೇ ಒಂದು ಕೇಳಿಕೊಂಡ.

"ಸೋಮ್ಯೋರು ಲೂತಿಗೊಂದ್ ಮಾತ್ ಯೋಳ್ಬೇಕು. ಪ್ಲಾಸ್ಟರ್ ಇಲ್ದಿದ್ರೂ ಇದು ಮುರ್ದಿರೋ ಕಾಲೇಯ ಅಂತ."

ಚರ್ಮದ ಒಳಗಿನದು ತಮ್ಮ ಕೆಲಸ, ಹೊರಗಿನದು ಕಂಪನಿಯ ಕೆಲಸ ಎಂದರು ಪ್ರೊಫೆಸರು. ಆದರೂ ದೊಡ್ಡ ಮನಸ್ಸು ಮಾಡಿ ಫೋನ್ ಮಾಡಿಸಿದರು: ಆ ಪ್ಲಾಸ್ಟರ್ ಆಸ್ಪತ್ರೆಯದಲ್ಲ, ಮೂಳೆ ಅತ್ಯುತ್ತಮವಾಗಿ ಕೂಡುತ್ತಿದೆ, ಕೆಲವು ತಿಂಗಳು ಭಾರ ಹಾಕದಿದ್ದರೆ ಸಾಕು. ಲೂತಿ 'ಅತ್ಯುತ್ತಮ' ಎಂಬಲ್ಲಿಯೇ ಫೋನ್ ಇಟ್ಟಿದ್ದ.

ಜೀಪು ಬಿಡಾರದ ಗೇಟಿಗೆ ಬಂದಾಗ ಅವನು ಕೊಡೆ ಹಿಡಿದು ನಿಂತಿದ್ದ. ಪ್ಲಾಸ್ಟರ್ ಕಳಚಿದ ಕಾಲನ್ನು ನೋಡಿದ. ಬೈಯಲಿಲ್ಲ. ದೊರೀನೊನ ಕಂಕುಳಿಂದ ಊರುಗೋಲುಗಳನ್ನು ಒಂದಾದ ಮೇಲೊಂದು ಎಳೆದುಕೊಂಡ.

"ನನಗೇ ಮೋಸ. ನಾಳೆ ಸೈರನ್ ಆದಾಗ ಮಿಕ್ಸರ್ ಮುಂದೆ ಎರಡು ಕಾಲ ಮೇಲೆ ನಿಂತಿರಬೇಕು. ಇಲ್ಲವೋ, ಪೆಟ್ಟಿಗೆ ಕಟ್ಟು. ಸುಳ್ಳು ಪ್ಲಾಸ್ಟರಿಗೆ ಗಾರೆ ಕಲಸಿದ ಆ ಮುದಿ ನಾಯಿಯೂ ನಿನ್ನ ಜೊತೆ."

ಗೇಟಿನ ಕಂಬಕ್ಕೆ ಒರಗಿ ದೊರೀನೊ ಒಂಟಿ ಕಾಲಿನಲ್ಲಿ ನಿಂತ. ಕೆಲಸ ಬಿಟ್ಟು ಬರುತ್ತಿದ್ದವರು ಕಂಡರು. ಇಬ್ಬರು ಉತ್ತರದ ಹುಡುಗರು ತೋಳು ಹೆಣೆದು ಅವನನ್ನು ಕೂರಿಸಿಕೊಂಡು ಒಳಕ್ಕೆ ಒಯ್ದರು. ಯಾರೂ ಏನೂ ಕೆಣಕಲಿಲ್ಲ. ಸಾರು ಕುಡಿಯುವಾಗ ಸವೇರಿಯೊ ಮಾತ್ರ, ಉಗ್ರಾಣದಲ್ಲಿ ಇನ್ನೂ ಎಷ್ಟು ಚೀಲ ಉಳಿದಿದೆ ಎಂದು ವಿಚಾರಿಸಿದ.

ಬೆಳಗ್ಗೆ ಸೈರನ್ ಕೂಗಿತು. ಮತ್ತೊಮ್ಮೆ ಕೂಗಿತು. ಮಿಕ್ಸರ್ ಮುಂದೆ ಯಾರೂ ಇರಲಿಲ್ಲ. ಲೂತಿ ಬಿಡಾರದ ಬಾಗಿಲು ತಳ್ಳಿ ಒಳಗೆ ಬಂದು ನಿಂತುಬಿಟ್ಟ.

ಎರಡೂ ಸಾಲು ಮಂಚಗಳ ಅಂಚಿನಲ್ಲಿ ಆಳುಗಳು ಕೂತಿದ್ದರು, ಪ್ರತಿಯೊಬ್ಬರೂ ಎಡಗಾಲನ್ನು ನಡುದಾರಿಗೆ ಚಾಚಿಕೊಂಡು. ತೊಡೆಯಿಂದ ಬೆರಳಿನವರೆಗೆ ಬೆಳ್ಳಗೆ, ಕೆಲವಿನ್ನೂ ತೊಟ್ಟಿಕ್ಕುತ್ತಿದ್ದವು. ರಾತ್ರಿ ಪಾಳಿ ಮುಗಿಸಿ ಬಂದವರೂ ಅವರ ಜೊತೆ ಕೂತಿದ್ದರು. ಹಾಸಿಗೆಗಳ ಮೇಲೆ ಒಂದು ದುಪ್ಪಟಿಯೂ ಉಳಿದಿರಲಿಲ್ಲ. ಅವರೆಲ್ಲರ ನಡುವೆ ದೊರೀನೊ ಒಬ್ಬನೇ ಪ್ಲಾಸ್ಟರ್ ಇಲ್ಲದವನು.

ಲೂತಿ ಒಂದು ಹೆಜ್ಜೆ ಮುಂದಿಟ್ಟ. ಕೊಡೆಯ ತುದಿಯಿಂದ ಹತ್ತಿರದ ಕಾಲನ್ನು ಕುಟ್ಟಿದ. ಹಸಿಯಾಗಿತ್ತು, ತುದಿ ಒಳಗೆ ಇಳಿದು ಅಂಟಿಕೊಂಡಿತು.

ಸವೇರಿಯೊ ಬಕೆಟ್ಟಿನ ಪಕ್ಕದಿಂದ ನಿಧಾನವಾಗಿ ಎದ್ದು, ಕೈ ಒರೆಸಿಕೊಂಡು, ಖಾಲಿ ಸ್ಟೂಲೊಂದನ್ನು ಮುಂದಕ್ಕೆ ಸರಿಸಿದ.

"ಕುಂತ್ಕಳಿ ಸೋಮಿ. ಇನ್ನೊಂದ್ ಕಾಲ್ಗಾಗೋವಷ್ಟು ಮಿಕ್ಕದೆ. ಯಾವ್ ಕಾಲು, ಯೋಳಿ."

ಹೊರಗೆ ಕಣಿವೆಯ ನಡುವೆ, ರಾತ್ರಿ ಪಾಳಿಯವರು ಇಳಿಸದೆ ಬಿಟ್ಟುಬಂದ ತುಂಬಿದ ಬಕೆಟ್ ತಂತಿಯಲ್ಲಿ ತೂಗುತ್ತಿತ್ತು. ಅದರೊಳಗಿನ ಕಾಂಕ್ರೀಟು ಎಳೆ ಬಿಸಿಲಿಗೆ ಗಟ್ಟಿಯಾಗತೊಡಗಿತ್ತು.