ಕರ್ನಲ್ಲೋ ಕೆನಾಲೋ

ಸಿಂಧನೂರಿನ ಕಂಪ್ಯೂಟರ್ ಮೇಷ್ಟ್ರು ಭೀಮೇಶನಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗಿತ್ತು. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದ ಆಪರೇಟಿಂಗ್ ಸಿಸ್ಟಮ್ಮೊಂದರ ತಿರುಳಾದ ಕರ್ನಲ್‌ನಲ್ಲಿ ಮೆಮೊರಿ ಸೋರಿಕೆಯೊಂದನ್ನು ಸಹೋದ್ಯೋಗಿ ದೀಪಾ ಸರಿಪಡಿಸಿದ್ದಳು; ತಿದ್ದಿದವರ ಪಟ್ಟಿಯಲ್ಲಿ ಅವಳ ಹೆಸರು ಸೇರಿತ್ತು. ಇವನು ಕಳಿಸಿದ್ದ ತಿದ್ದುಪಡಿ ಮಾತ್ರ ವಾಪಸು ಬಂದಿತ್ತು.

"ದೀಪಾ ಕೆನಾಲ್ ಸೋರಿಕಿ ಬಂದ್ ಮಾಡ್ಯಾಳಂತಲ್ಲೋ ಭೀಮ್ಯಾ!" ಎಂದು ಕಾಲುವೆ ನೀರನ್ನೇ ನಂಬಿ ಗದ್ದೆ ಮಾಡುವ ಅವ್ವ ಯಂಕಮ್ಮ ಹಿಗ್ಗಿದಳು.

"ಕೆನಾಲ್ ಅಲ್ಲಬೇ, ಕರ್ನಲ್ಲು! 'ಬರೇ ಎರಡು ಸಾಲು ಬರ್ದೀನ್ರೀ...'" ಎಂದು ದೀಪಾಳ ದನಿಯನ್ನೇ ಅಣಕಿಸಿ, ಆ ಎರಡು ಸಾಲುಗಳನ್ನು ಜಾಲಾಡಿದ. ತಪ್ಪೊಂದು ಸಿಕ್ಕಿತು. ಅದನ್ನು ಎಲ್ಲರಿಗೂ ಕಾಣುವಂತೆ ಆನ್‌ಲೈನಿನಲ್ಲಿ ಬರೆದು ಡಂಗುರ ಹೊಡೆದ.

ದೀಪಾ ತಣ್ಣಗೆ ತಿದ್ದಿ, ತನ್ನ ಹೆಸರಿನಡಿ 'ತಪ್ಪು ತೋರಿಸಿದವರು: ಭೀಮೇಶ' ಎಂದು ಸೇರಿಸಿದಳು.

"ಅವ್ವಾ, ನನ್ನ ಹೆಸರೂ ಬಂತು... ಆಕಿ ಕೆಳಗ."

"ಅಂದ್ರ ಆಕಿ ಕೆನಾಲ್ ಮ್ಯಾಲಿನ ಗದ್ದಿ, ನೀ ಕಡೀಗೆ ನೀರು ಕಾಣೋ ಟೇಲೆಂಡ್ ಅನ್ನು!"